ಐದನೇ ತರಗತಿಯ ಗುಲಾಬಿ ಹಾಳೆ

ಬಣ್ಣದ ಹಾಳೆಗಳ ಉಪಾಯ ನನ್ನದೇ. ಅದನ್ನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ.

ವಿಮಾನ ನಿಲ್ದಾಣ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ದೇವನಹಳ್ಳಿಯಲ್ಲಿ ನಮ್ಮ ಸಂಸ್ಥೆಯ ಕಚೇರಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲಿತ್ತು. ಪ್ರೆಸ್ಸಿನವನಿಗೆ ಆಗ ಮದುವೆ ಪತ್ರಿಕೆ ಅಚ್ಚು ಹಾಕುವುದಕ್ಕೂ ಪುರುಸೊತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಲೇಔಟು, ಸೈಟುಗಳ ಕರಪತ್ರ. 'ಏರ್‌ಪೋರ್ಟಿಗೆ ಹತ್ತೇ ನಿಮಿಷ' ಎಂದು ಅವನು ಅಚ್ಚು ಹಾಕಿದ ಜಾಗಗಳಲ್ಲಿ ಕೆಲವಕ್ಕೆ ಹತ್ತು ನಿಮಿಷದಲ್ಲಿ ಹೋಗಬೇಕಾದರೆ ವಿಮಾನವನ್ನೇ ಹತ್ತಬೇಕಿತ್ತು. ಕರಪತ್ರ ಕತ್ತರಿಸಿ ಉಳಿದ ಬಣ್ಣದ ಹಾಳೆಗಳನ್ನು ಅವನು ಕಟ್ಟು ಕಟ್ಟಿ ನಮಗೆ ಪುಕ್ಕಟೆ ಕೊಡುತ್ತಿದ್ದ. ಹಳದಿ, ಗುಲಾಬಿ, ಹಸಿರು, ನೀಲಿ.

ನಾವು ಮಾಡುತ್ತಿದ್ದದ್ದು ಮಕ್ಕಳ ಮೇಲಿನ ಹಿಂಸೆ ನಿಲ್ಲಿಸುವ ಅಭಿಯಾನ. ಅದು ಹುಟ್ಟಿದ್ದು ನಮ್ಮಲ್ಲಲ್ಲ, ಆಫ್ರಿಕಾದಲ್ಲಿ. ಅಲ್ಲಿನ ಕೆಲವು ದೇಶಗಳಲ್ಲಿ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಂದಲೇ ಮಾತಾಡಿಸುವ ಒಂದು ಕ್ರಮವನ್ನು ರೂಪಿಸಿದ್ದರು. ಅದರ ಕೈಪಿಡಿಯನ್ನು ಕನ್ನಡಕ್ಕೆ ತಂದು ನಮ್ಮ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ ನಡೆಸಿ ನೋಡುವುದು ನನಗೆ ಒಪ್ಪಿಸಿದ ಕೆಲಸ. ಚಿತ್ರಗಳಲ್ಲಿದ್ದ ಮಾವಿನ ಮರವನ್ನು ಹುಣಸೆ ಮರ ಮಾಡಿದೆ, ಮೆಕ್ಕೆಜೋಳದ ಗಂಜಿಯನ್ನು ಮುದ್ದೆ ಮಾಡಿದೆ. ಉಳಿದದ್ದರಲ್ಲಿ ಬದಲಾಯಿಸುವಂಥದ್ದು ಏನೂ ಸಿಗಲಿಲ್ಲ. ಅಲ್ಲಿನ ತಂದೆತಾಯಿ ಶಾಲೆಯ ಮೇಷ್ಟರಿಗೆ ಹೇಳುವ ಮಾತುಗಳನ್ನು ನಮ್ಮಪ್ಪನೇ ಹೇಳಿದ್ದರು. ಸಮೇತನಹಳ್ಳಿಯ ಶಾಲೆಗೆ ನನ್ನನ್ನು ಸೇರಿಸಿದ ದಿನ, 'ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸಾ' ಎಂದು ಕೈ ಮುಗಿದು ಬಂದವರು ಅವರು.

ಒಂದು ಶಾಲೆಗೆ ಮೂರು ಭೇಟಿ. ಮೊದಲ ಭೇಟಿಯಲ್ಲಿ ಮಕ್ಕಳೊಡನೆ ಆಟ, ಮಾತು, ಮನೆಯಿಂದ ಶಾಲೆಯವರೆಗಿನ ದಾರಿಯ ಚಿತ್ರ. ಹೊರಡುವಾಗ ಬೀಗ ಹಾಕಿದ ಒಂದು ತಗಡಿನ ಪೆಟ್ಟಿಗೆಯನ್ನು ಇಟ್ಟು ಬರಬೇಕು. ಹದಿನೈದು ದಿನ ಮಕ್ಕಳು ತಮಗೆ ತೋಚಿದ್ದನ್ನು ಬರೆದು ಅದರೊಳಗೆ ಹಾಕಬಹುದು. ಎರಡನೇ ಭೇಟಿಯಲ್ಲಿ ಪೆಟ್ಟಿಗೆ ತೆಗೆಯುವುದು. ಮೂರನೆಯದು ಪಂಚಾಯ್ತಿಯವರು ಸೇರುವ ಮಕ್ಕಳ ಗ್ರಾಮಸಭೆ. ಎಲ್ಲ ಮುಗಿದ ಮೇಲೆ ವರದಿ ಕಳಿಸಬೇಕು, ಅದರಲ್ಲಿ ಯಾವ ತರಗತಿಯಿಂದ ಎಷ್ಟು ಪತ್ರ ಬಂತು ಎಂಬುದಕ್ಕೆ ಒಂದು ಪಟ್ಟಿ ಇತ್ತು. ಪತ್ರಗಳಲ್ಲಿ ತರಗತಿ ಬರೆಯಿರೆಂದರೆ ಅರ್ಧ ಮಕ್ಕಳು ಮರೆಯುತ್ತಿದ್ದರು. ನನಗೆ ಬಿಟ್ಟ ಸ್ಥಳ ಕಂಡರೆ ಆಗುವುದಿಲ್ಲ. ಹಾಗಾಗಿ ನಾಲ್ಕನೆಯವರಿಗೆ ಹಳದಿ, ಐದನೆಯವರಿಗೆ ಗುಲಾಬಿ, ಆರಕ್ಕೆ ಹಸಿರು, ಏಳಕ್ಕೆ ನೀಲಿ ಹಾಳೆ ಹಂಚಿದೆ. ಎಣಿಸುವುದು ಸಲೀಸಾಯಿತು. ಕಚೇರಿಯಲ್ಲಿ ಎಲ್ಲರೂ ಮೆಚ್ಚಿದರು.

ನಲ್ಲೂರಿನ ಆಚೆಗಿನ ಒಂದು ಹಳ್ಳಿಯ ಶಾಲೆಗೆ ಹೋಗುವ ಹೊತ್ತಿಗೆ ನನ್ನ ಜೊತೆ ಉಗಾಂಡದಿಂದ ಬಂದ ಅತಿಥಿಯೊಬ್ಬರಿದ್ದರು. ಕೈಪಿಡಿ ಮಾಡಿದ ತಂಡದಲ್ಲಿದ್ದವರು, ಅದಕ್ಕೆ ಮೊದಲು ಹಳ್ಳಿ ಶಾಲೆಯ ಶಿಕ್ಷಕಿ. ಆರು ವಾರ ನಮ್ಮ ಕೆಲಸ ನೋಡಲು ಬಂದಿದ್ದರು. ಅವರದು ಇಂಗ್ಲಿಷ್. ಮಕ್ಕಳಿಗೆ ಅವರ ಮಾತನ್ನು, ಅವರಿಗೆ ಮಕ್ಕಳ ಮಾತನ್ನು ನಾನು ದಾಟಿಸಬೇಕಿತ್ತು. ಮೊದಲ ಅರ್ಧ ಗಂಟೆ ಮಕ್ಕಳು ಅವರ ಜಡೆಗಳನ್ನು ಎಣಿಸುವುದರಲ್ಲೇ ಕಳೆದರು. ಆಮೇಲೆ ಏಳನೇ ತರಗತಿಯ ಒಬ್ಬ ಹುಡುಗಿ ಕೇಳಿದಳು.

"ಮಿಸ್, ಅವ್ರೂರಾಗೂ ಮೇಷ್ಟ್ರು ಹೊಡೀತಾರಾ?"

ಅತಿಥಿ ಬೆಂಚಿನ ಮೇಲೆ ಕಾಲಿಟ್ಟು ಲಂಗದ ಅಂಚನ್ನು ಸ್ವಲ್ಪ ಮೇಲೆತ್ತಿ ಮೀನಖಂಡದ ಮೇಲಿದ್ದ ಹಳೆಯ ಗೆರೆಯೊಂದನ್ನು ತೋರಿಸಿದರು. ಅಷ್ಟೇ. ಮಕ್ಕಳು ಎದ್ದು ಬಂದು ತಂತಮ್ಮ ಗೆರೆಗಳನ್ನು ತೋರಿಸಲು ಶುರುಮಾಡಿದರು.

"ಹುಣಸೆ ಬರ್ಲು ಮಿಸ್ ಇದು. ಬರ್ಲು ನಾವೇ ತರ್ಬೇಕು."

"ಹಸೀದು ತಂದ್ರೆ ಉರಿ ಜಾಸ್ತಿ. ಒಣಗಿದ್ದು ಎರಡೇಟಿಗೇ ಮುರೀತದೆ. ಅದ್ಕೇ ಒಣಗಿದ್ದೇ ತರ್ತೀವಿ."

ಇದನ್ನು ಅವರು ದೂರಿನಂತೆ ಹೇಳುತ್ತಿರಲಿಲ್ಲ. ಯಾವ ಅಂಗಡಿಯಲ್ಲಿ ಯಾವ ಮಿಠಾಯಿ ಚೆನ್ನ ಎಂದು ಹೇಳುವ ಹಾಗೆ ಹೇಳುತ್ತಿದ್ದರು. ನಾನು ಹಾಳೆಗಳನ್ನು ಹಂಚಿದೆ, ಪೆಟ್ಟಿಗೆ ತೋರಿಸಿದೆ, ಎಂದಿನ ಮಾತು ಹೇಳಿದೆ. ಹೆಸರು ಬರೆಯಬೇಡಿ, ಯಾರು ಬರೆದರೆಂದು ಯಾರಿಗೂ ಗೊತ್ತಾಗುವುದಿಲ್ಲ, ಇದು ನನ್ನ ಮಾತು.

ಆ ಶಾಲೆಯಲ್ಲಿ ಲೆಕ್ಕದ ಮೇಷ್ಟರೊಬ್ಬರಿದ್ದರು. ಐವತ್ತರ ಹತ್ತಿರದ ವಯಸ್ಸು. ದಿನಾ ಬೆಳಿಗ್ಗೆ ಏಳೂವರೆಗೆ ದೇವನಹಳ್ಳಿಯಿಂದ ಮೊಪೆಡ್ಡಿನಲ್ಲಿ ಬಂದು, ಶಾಲೆ ಶುರುವಾಗುವ ಮುಂಚೆ ಐದನೇ ತರಗತಿಯ ಒಂಬತ್ತು ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಸರ್ಕಾರದ ವಸತಿ ಶಾಲೆಗೆ ಸೇರಲು ಐದನೆಯವರಿಗೆ ಒಂದು ಪ್ರವೇಶ ಪರೀಕ್ಷೆ ಇರುತ್ತದೆ, ಅದಕ್ಕೆ ತಯಾರಿ. ಯಾರೂ ಮಾಡಿ ಎಂದು ಹೇಳಿದ್ದಲ್ಲ, ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹಿಂದಿನ ವರ್ಷ ಇಬ್ಬರು ಮಕ್ಕಳು ಪಾಸಾದಾಗ ಊರಿನವರು ಅವರ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿಸಿದ್ದರು. ನಮ್ಮ ಮೊದಲ ಭೇಟಿಯಲ್ಲಿ ಅವರು ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, "ದಂಡಂ ದಶಗುಣಂ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ ಮೇಡಂ" ಎಂದಷ್ಟೇ ಹೇಳಿ ತರಗತಿಗೆ ಹೋದರು.

ಹದಿನೈದು ದಿನ ಬಿಟ್ಟು ಪೆಟ್ಟಿಗೆ ತೆಗೆದೆವು. ನಿಯಮದ ಪ್ರಕಾರ ಮುಖ್ಯೋಪಾಧ್ಯಾಯರ ಎದುರಿಗೆ ಬೀಗ ತೆಗೆಯಬೇಕು, ಆದರೆ ಪತ್ರಗಳನ್ನು ನಾನೊಬ್ಬಳೇ ಓದಬೇಕು. ಅವರ ಕೋಣೆಯ ಮೇಜಿನ ಮೇಲೆ ಬಣ್ಣ ಬಣ್ಣವಾಗಿ ನಾಲ್ಕು ಗುಡ್ಡೆ ಮಾಡಿದೆ. ಹೆಚ್ಚಿನವು ಪಾಯಿಖಾನೆಗೆ ನೀರಿಲ್ಲ, ಆಟಕ್ಕೆ ಚೆಂಡು ಬೇಕು, ರಸ್ತೆ ದಾಟುವಾಗ ಟಿಪ್ಪರ್ ಲಾರಿಗಳ ಭಯ ಎಂಬಂಥವು. ಗುಲಾಬಿ ಗುಡ್ಡೆಯ ಮೂರನೆಯ ಹಾಳೆಯಲ್ಲಿ ಹೀಗಿತ್ತು.

'ಲೆಕ್ಕ ತಪ್ಪಾದರೆ ಮೇಷ್ಟ್ರು ಡಸ್ಟರಿನ ಮರದಿಂದ ಬೆರಳ ಗೆಣ್ಣಿನ ಮೇಲೆ ಹೊಡೆಯುತ್ತಾರೆ. ಎಡಗೈಗೆ ಹೊಡೆಯುತ್ತಾರೆ ಯಾಕಂದರೆ ಬಲಗೈಲಿ ಬರೆಯಬೇಕು. ನನ್ನ ಉಂಗುರದ ಬೆರಳು ಈಗ ಮಡಚುವುದಿಲ್ಲ. ಮನೆಯಲ್ಲಿ ಬಿದ್ದೆ ಅಂತ ಹೇಳಿದ್ದೇನೆ. ನನಗೆ ಲೆಕ್ಕ ಇಷ್ಟ.'

ನಾನು ಅದನ್ನು ಎರಡು ಸಲ ಓದಿ, ಮಡಚಿ, ನನ್ನ ಚೀಲದೊಳಗೆ ಇಟ್ಟೆ. ಮುಖ್ಯೋಪಾಧ್ಯಾಯರು ಕಿಟಕಿಯ ಕಡೆ ನೋಡುತ್ತಿದ್ದವರು ಈ ಕಡೆ ತಿರುಗಿದ್ದರು. ಏನಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಯಮ ಪಾಲಿಸಿದೆನೆಂಬ ಸಮಾಧಾನದಲ್ಲಿ ಬಸ್ಸು ಹತ್ತಿದೆ.

ಕಚೇರಿಯಲ್ಲಿ ಪತ್ರ ಓದಿದ ನಿರ್ದೇಶಕರ ಮುಖ ಅರಳಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ನನ್ನ ಮುಖವೂ ಅರಳಿರಬೇಕು. ಅಷ್ಟು ದಿನ ಪಾಯಿಖಾನೆ, ಚೆಂಡುಗಳನ್ನೇ ವರದಿ ಮಾಡಿ ಸಾಕಾಗಿತ್ತು. ಶಾಲೆಯಲ್ಲಿ ಹೊಡೆಯಬಾರದೆಂದು ಆಗಷ್ಟೇ ಕಾನೂನು ಬಂದಿತ್ತು, ಅದನ್ನು ಹಿಡಿದು ಕೇಳಲು ಒಂದು ಗಟ್ಟಿ ಪ್ರಕರಣ ಬೇಕಿತ್ತು. ದೂರಿನ ಕರಡು ತಯಾರಿಸು ಎಂದರು. ಅತಿಥಿ ಪತ್ರದ ಅನುವಾದವನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಕೊನೆಯ ವಾಕ್ಯವನ್ನು ಇನ್ನೊಮ್ಮೆ ಹೇಳು ಎಂದರು.

ಮೂರನೆಯ ದಿನ ಮಧ್ಯಾಹ್ನ ಒಬ್ಬ ಹೆಂಗಸು ಮಹಡಿ ಹತ್ತಿ ಬಂದರು. ಏರ್‌ಪೋರ್ಟ್ ಪಕ್ಕದ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದ ಕೆಲಸ, ಅದೇ ಸಮವಸ್ತ್ರದಲ್ಲಿದ್ದರು. ಚಪ್ಪಲಿಯನ್ನೂ ಬಿಡದೆ ನೇರ ನನ್ನ ಮೇಜಿಗೆ ಬಂದರು.

"ನನ್ ಮಗಳಿಗೆ ಪತ್ರ ಬರಿ ಅಂತ ಹೇಳ್ಕೊಟ್ಟೋರು ನೀವೇನಾ?"

"ಏನಾಯ್ತಮ್ಮ?"

"ಮೇಷ್ಟ್ರು ಬೆಳಗಿನ ಪಾಠ ನಿಲ್ಲಿಸ್ಬಿಟ್ರು. ನಿಮ್ಮಲ್ಲೇ ಯಾರೋ ನನ್ ಮೇಲೆ ಪೆಟ್ಟಿಗೆಗೆ ಹಾಕಿದ್ದೀರ, ಇನ್ ಮೇಲೆ ನಾನು ಕೈನೂ ಎತ್ತಲ್ಲ, ಬಾಯೂ ತೆಗೆಯಲ್ಲ ಅಂದ್ರಂತೆ. ಪರೀಕ್ಷೆ ಇನ್ನೇನು ಬಂತು. ಊರೋರೆಲ್ಲ ನಮ್ ಮನೆ ಕಡೆ ನೋಡ್ಕೊಂಡು ಓಡಾಡ್ತಾವ್ರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳ್ದಂಗಾಯ್ತು, ನಮ್ ಮಕ್ಳೇನ್ ಮಾಡಿದ್ರು ಅಂತವ್ರೆ."

"ಬರೆದದ್ದು ನಿಮ್ಮ ಮಗಳೇ ಅಂತ ಯಾರು ಹೇಳಿದ್ರು?"

ಆಕೆ ನನ್ನನ್ನು ಒಂದು ಕ್ಷಣ ನೋಡಿದರು, ಇವಳಿಗೆ ಬುದ್ಧಿ ಇದೆಯೋ ಇಲ್ಲವೋ ಎನ್ನುವ ಹಾಗೆ.

"ಪಿಂಕ್ ಹಾಳೆ ಐದನೇ ಕ್ಲಾಸಿಂದು ಅಂತ ಒಂದನೇ ಕ್ಲಾಸ್ ಮಗೀಗೂ ಗೊತ್ತು. ಪಿಂಕ್ ಒಂದನ್ನೇ ಎತ್ತಿ ಚೀಲಕ್ಕೆ ಹಾಕ್ಕೊಂಡ್ರಂತಲ್ಲ ನೀವು. ಐದನೇ ಕ್ಲಾಸಲ್ಲಿ ಬೆರಳು ಊದಿಸ್ಕೊಂಡಿದ್ದೋಳು ಇವಳೊಬ್ಳೇ."

ಮೇಜಿನ ಮೇಲೆ ಮುಂದಿನ ಶಾಲೆಗೆಂದು ಕತ್ತರಿಸಿಟ್ಟ ನಾಲ್ಕು ಬಣ್ಣದ ಕಟ್ಟುಗಳಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದದ್ದು ಬೇಲಿಗೇ ತಿಳಿದಿರಲಿಲ್ಲ. ಕುಳಿತುಕೊಳ್ಳಿ ಎಂದು ಕುರ್ಚಿ ಎಳೆದೆ. ಆಕೆ ಕುಳಿತು, ದನಿ ತಗ್ಗಿಸಿ, "ಬಿದ್ದೆ ಅಂದಿದ್ಲು ಮೇಡಂ. ನಂಬ್ದೆ ಅಂತಲ್ಲ, ನಂಬೋಣ ಅಂತ ನಂಬ್ದೆ" ಎಂದರು. ಆಮೇಲೆ ಅತ್ತರು.

ಮರುದಿನ ಬೆಳಿಗ್ಗೆ ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆ. ಎಕ್ಸ್-ರೇ ನೋಡಿದ ವೈದ್ಯರು, ಮೂಳೆ ಬಿರುಕು ಬಿಟ್ಟು ತನ್ನಷ್ಟಕ್ಕೆ ಕೂಡಿಕೊಂಡಿದೆ, ಸೊಟ್ಟಗೆ ಕೂಡಿದೆ, ದಿನಾ ಬಿಸಿನೀರಿನಲ್ಲಿಟ್ಟು ವ್ಯಾಯಾಮ ಮಾಡಿಸಿದರೆ ಸ್ವಲ್ಪ ಮಡಚಬಹುದು ಎಂದರು. ಎಷ್ಟು ಎಂದು ಕೇಳಿದ್ದಕ್ಕೆ, ಸ್ವಲ್ಪ ಎಂದೇ ಮತ್ತೆ ಹೇಳಿದರು. ಹುಡುಗಿ ತನ್ನ ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು ಬೆರಳಿನ ಮೂಳೆಗಳನ್ನು ಎಣಿಸುತ್ತಿದ್ದಳು.

ಕಚೇರಿಗೆ ಬಂದರೆ ದೂರಿನ ಕರಡು ಸಿದ್ಧವಿತ್ತು. ನಿರ್ದೇಶಕರ ವಾದದಲ್ಲಿ ತಪ್ಪೇನೂ ಇರಲಿಲ್ಲ. ಮಗುವಿನ ಮೂಳೆ ಮುರಿದಿದೆ, ಅಮಾನತಿಗೆ ಕೇಳಬೇಕು, ಇಲ್ಲದಿದ್ದರೆ ಅಭಿಯಾನ ಯಾತಕ್ಕೆ? ಊರಿನ ವಾದವನ್ನೂ ಕೇಳಿದ್ದೆ. ಪಂಚಾಯ್ತಿ ಅಧ್ಯಕ್ಷೆಯ ಗಂಡ, ಅಂದರೆ ನಿಜವಾದ ಅಧ್ಯಕ್ಷರು, ಫೋನ್ ಮಾಡಿ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ಮೇಡಂ? ಒಳ್ಳೇ ಮೇಷ್ಟ್ರು. ಅವ್ರು ಹೋದ್ರೆ ನಮ್ಮೂರಿಗೆ ಇನ್ನೊಬ್ರು ಬರಲ್ಲ. ಹುಡುಗಿ ಕೈಲಿ ತಪ್ಪಾಯ್ತು ಅನ್ನಿಸ್ಬಿಡಿ, ರಾಜಿ ಮಾಡಿ ಮುಗಿಸೋಣ" ಎಂದಿದ್ದರು. ಎರಡು ಕಡೆಯವರೂ ನನ್ನೊಡನೆ ಮಾತಾಡಿದ್ದರು. ಹುಡುಗಿಯೊಡನೆ ಯಾರೂ ಮಾತಾಡಿರಲಿಲ್ಲ, ನಾನೂ ಸೇರಿ. ಆಸ್ಪತ್ರೆಯಲ್ಲಿ ಅವಳ ಬೆರಳಿನ ವಿಷಯವನ್ನು ಅವಳ ತಲೆಯ ಮೇಲಿನಿಂದಲೇ ನಾವು ದೊಡ್ಡವರು ಮಾತಾಡಿ ಮುಗಿಸಿದ್ದೆವು.

ಭಾನುವಾರ ಅವರ ಮನೆಗೆ ಹೋದೆ. ಅವರೆಕಾಯಿಯ ಕಾಲ. ಹುಡುಗಿ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ಎಡಗೈಯ ಉಂಗುರದ ಬೆರಳು ಉಳಿದ ಬೆರಳುಗಳಿಂದ ಹೊರಗೆ ನೆಟ್ಟಗೆ ನಿಂತಿತ್ತು. ನಾನೂ ಕುಳಿತು ಸುಲಿಯತೊಡಗಿದೆ. ಮೊದಲು ನನ್ನ ತಪ್ಪು ಹೇಳಿದೆ. ಹಾಳೆಯ ಬಣ್ಣದಿಂದ ನೀನೇ ಎಂದು ಗೊತ್ತಾಯಿತು, ಆ ಬಣ್ಣ ಆರಿಸಿದವಳು ನಾನು ಎಂದೆ. ಅವಳು, "ಹೂಂ ಮಿಸ್, ನಂಗೆ ಅವತ್ತೇ ಅನ್ಸಿತ್ತು" ಎಂದಳು. ಹತ್ತು ವರ್ಷದ ಹುಡುಗಿಗೆ ಅನಿಸಿದ್ದು ನನಗೆ ಅನಿಸಿರಲಿಲ್ಲ.

"ಅನ್ಸಿದ್ರೂ ಯಾಕೆ ಹಾಕ್ದೆ?"

"ನೀವು ಹೇಳಿದ್ರಲ್ಲ."

ಸ್ವಲ್ಪ ಹೊತ್ತು ಸುಲಿದೆವು. ಈಗ ಏನಾಗಬೇಕು ಅಂತ ನಿನಗೆ ಅನ್ನಿಸುತ್ತೆ ಎಂದು ಕೇಳಿದೆ. ಅವಳು ಯೋಚನೆಯನ್ನೂ ಮಾಡಲಿಲ್ಲ.

"ಮೇಷ್ಟ್ರು ಇರ್ಬೇಕು. ಹೊಡೀಬಾರ್ದು."

ನಮ್ಮ ದೂರಿನ ನಮೂನೆಯಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ. ಊರಿನವರ ರಾಜಿಯಲ್ಲೂ ಇರಲಿಲ್ಲ. ನನಗೆ ಮಾತ್ರ ಅದಕ್ಕಿಂತ ಸರಿಯಾದ ಬೇಡಿಕೆ ಅಭಿಯಾನದ ಆ ಆರು ತಿಂಗಳಲ್ಲಿ ಎಲ್ಲೂ ಕೇಳಿಸಿರಲಿಲ್ಲ. ಸೋಮವಾರ ನಿರ್ದೇಶಕರ ಮುಂದೆ ಕುಳಿತು, ಅಮಾನತಿನ ಕೋರಿಕೆಯನ್ನು ಕೈಬಿಡೋಣ ಎಂದೆ. ಆಸ್ಪತ್ರೆಯ ಚೀಟಿಯ ಸಮೇತ ನಡೆದದ್ದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆದು ಕೊಡುತ್ತೇನೆ, ಮುಚ್ಚಿಡುವುದಿಲ್ಲ. ಆದರೆ ನಾವು ಕೇಳುವುದು ಆ ಮಗು ಕೇಳಿದ್ದನ್ನೇ. ಆಗದಿದ್ದರೆ ಈ ಶಾಲೆಯನ್ನು ಬೇರೆಯವರಿಗೆ ಕೊಡಿ. ಅವರಿಗೆ ಸಿಟ್ಟು ಬಂತು. ನೀನು ಮಾಡಿದ ತಪ್ಪಿಗೆ ಹೆದರಿ ಮೆತ್ತಗಾಗಿದ್ದೀಯ ಎಂದರು. ಅದರಲ್ಲಿ ನಿಜವೂ ಇತ್ತು. ಕೊನೆಗೆ ಮಕ್ಕಳ ಗ್ರಾಮಸಭೆಯವರೆಗೆ ಸಮಯ ಕೊಟ್ಟರು, ಹನ್ನೆರಡು ದಿನ.

ಅಧಿಕಾರಿ ಬಂದು ಮೇಷ್ಟರಿಗೆ ಲಿಖಿತ ಎಚ್ಚರಿಕೆ ಕೊಟ್ಟು ಹೋದರು. ಇನ್ನೊಂದು ದೂರು ಬಂದರೆ ಅಮಾನತು ಎಂದು ಅದರಲ್ಲಿತ್ತು. ಅದಾದ ಎರಡು ದಿನಕ್ಕೆ ನಾನೂ ಅತಿಥಿಯೂ ಮೇಷ್ಟರನ್ನು ನೋಡಲು ಹೋದೆವು. ಶಾಲೆ ಬಿಟ್ಟಿತ್ತು. ಅವರು ಮೊಪೆಡ್ಡಿನ ಪಕ್ಕ ನಿಂತಿದ್ದರು, ಕುಳಿತುಕೊಳ್ಳಿ ಎನ್ನಲಿಲ್ಲ. ತಲೆಯ ಮೇಲೆ ವಿಮಾನವೊಂದು ಇಳಿಯುತ್ತ ಹೋದದ್ದರಿಂದ ಎಲ್ಲರೂ ಅರ್ಧ ನಿಮಿಷ ಸುಮ್ಮನಿರಬೇಕಾಯಿತು.

"ಹದಿನೆಂಟ್ ವರ್ಷ ಆಯ್ತು ಈ ಊರಿಗೆ ಬಂದು" ಎಂದರು. "ಒಂದ್ ದಿನ ತಡವಾಗಿ ಬಂದಿಲ್ಲ. ನಂಗೇನು ಆ ಮಗು ಮೇಲೆ ದ್ವೇಷನಾ? ಒಂಬತ್ತರಲ್ಲಿ ಪಾಸಾಗೋದು ಅಂದ್ರೆ ಅವಳೇ. ಅದ್ಕೇ ಅವಳಿಗೆ ಒಂದೇಟು ಜಾಸ್ತಿ."

"ಮೂಳೆ ಮುರಿದಿದೆ ಮೇಷ್ಟ್ರೇ."

ಅವರು ನೆಲ ನೋಡಿದರು. ಅದು ಅವರಿಗೆ ಎಚ್ಚರಿಕೆ ಪತ್ರದಿಂದಲೇ ಗೊತ್ತಾಗಿತ್ತಂತೆ. ತಲೆ ಎತ್ತಿದಾಗ ದನಿ ಗಡುಸಾಗಿತ್ತು. "ನಾನ್ ಹೊಡ್ದೆ, ತಪ್ಪು. ನೀವು? ಯಾರ್ಗೂ ಗೊತ್ತಾಗಲ್ಲ ಅಂತ ಮಕ್ಳಿಗೆ ಮಾತು ಕೊಟ್ರಿ. ಬಣ್ಣ ಕೊಟ್ಟು ಹಿಡಿದ್ಕೊಟ್ರಿ. ಎಚ್ಚರಿಕೆ ಪತ್ರ ನನ್ನೊಬ್ನಿಗೇ ಯಾಕೆ ಬಂತು?"

ನನಗೂ ಸಿಟ್ಟು ಬೇಗ ಬರುತ್ತದೆ. ಆ ದಿನ ಬರಲಿಲ್ಲ, ಅವರು ಹೇಳಿದ್ದು ನಿಜವಾಗಿತ್ತು. ನನ್ನ ತಪ್ಪನ್ನು ಸಭೆಯಲ್ಲಿ ಮಕ್ಕಳ ಮುಂದೆ ನಾನು ಹೇಳುತ್ತೇನೆ, ನಿಮ್ಮದು ನಿಮಗೆ ಬಿಟ್ಟದ್ದು, ಆದರೆ ಪಾಠ ಶುರುಮಾಡಿ ಎಂದೆ. ಅವರು ಮೊಪೆಡ್ಡಿನ ಮೇಲೆ ಕುಳಿತು, ಅದನ್ನು ಸ್ಟಾರ್ಟ್ ಮಾಡದೆ, ಅತಿಥಿಯ ಕಡೆ ಕೈ ತೋರಿಸಿ ಕೇಳಿದರು.

"ಇವ್ರೂ ಟೀಚರ್ ಆಗಿದ್ರಂತೆ. ಕೇಳಿ ಇವ್ರನ್ನ. ಹೊಡೀಬೇಡ ಅಂತ ನಿಮ್ ಪುಸ್ತಕದ ತುಂಬ ಬರ್ದಿದ್ದೀರ. ಲೆಕ್ಕ ಹತ್ತು ಸಲ ಹೇಳ್ಕೊಟ್ಟು ಹತ್ನೇ ಸಲನೂ ತಪ್ಪಾದಾಗ ಆ ಕೈನ ಏನ್ ಮಾಡ್ಬೇಕು ಅಂತ ಐತಾ?"

ನಾನು ಅನುವಾದ ಮಾಡಿದೆ. ಅತಿಥಿ ನಗಲಿಲ್ಲ. ಪುಸ್ತಕದಲ್ಲಿ ಇಲ್ಲ, ಇರಬೇಕಿತ್ತು ಎಂದರು. ಶಿಕ್ಷಕಿಯಾಗಿದ್ದ ಮೊದಲ ಆರು ವರ್ಷ ತಾನೂ ಹೊಡೆದೆ, ನಿಲ್ಲಿಸಿದ ಮೇಲೆ ಮೊದಲ ವರ್ಷ ಪಾಠ ಕೆಟ್ಟದಾಗಿ ನಡೆಯಿತು, ಮಕ್ಕಳು ಗದ್ದಲ ಮಾಡಿದರು, ಸಹೋದ್ಯೋಗಿಗಳು ನಕ್ಕರು ಎಂದರು. ಈ ಮಾತಿಗೆ ಮೇಷ್ಟರು ಮೊಪೆಡ್ಡಿನಿಂದ ಇಳಿದರು. ಶಾಲೆಯ ಮೆಟ್ಟಿಲ ಮೇಲೆ ಮೂವರೂ ಒಂದು ಗಂಟೆಗಿಂತ ಹೆಚ್ಚು ಕುಳಿತೆವು. ನಲವತ್ತು ಮಕ್ಕಳಿದ್ದರೆ ಹೇಗೆ, ಮನೆಪಾಠ ಮಾಡದಿದ್ದರೆ ಏನು, ಸುಳ್ಳು ಹೇಳಿದರೆ ಏನು ಎಂದು ಅವರು ಒಂದೊಂದೇ ಕೇಳಿದರು. ಆಕೆ ಗೊತ್ತಿದ್ದದ್ದನ್ನು ಹೇಳಿದರು, ಎರಡು ಪ್ರಶ್ನೆಗೆ ಗೊತ್ತಿಲ್ಲ ಎಂದರು. ನಾನು ದಾಟಿಸುತ್ತಲೇ ಇದ್ದೆ. ಹೊರಡುವಾಗ ಮೇಷ್ಟರು ಪಾಠ ಮಾಡುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಮಕ್ಕಳ ಗ್ರಾಮಸಭೆ ಶಾಲೆಯ ಅಂಗಳದಲ್ಲೇ ನಡೆಯಿತು. ಶಾಮಿಯಾನ, ಮುಂದಿನ ಸಾಲಿನಲ್ಲಿ ಪಂಚಾಯ್ತಿಯವರು, ಅಧಿಕಾರಿ, ನಮ್ಮ ನಿರ್ದೇಶಕರು. ಮಕ್ಕಳು ಜಮಖಾನದ ಮೇಲೆ. ಊರಿನವರು ಕಾಂಪೌಂಡಿಗೆ ಒರಗಿ ನಿಂತಿದ್ದರು. ಅವತ್ತು ಬಂದಷ್ಟು ಜನ ಅದಕ್ಕೆ ಮುಂಚೆ ನಮ್ಮ ಯಾವ ಸಭೆಗೂ ಬಂದಿರಲಿಲ್ಲ. ನೀರು, ಚೆಂಡು, ಟಿಪ್ಪರ್ ಲಾರಿ ಎಲ್ಲ ಚರ್ಚೆಯಾಯಿತು. ಕೊನೆಯಲ್ಲಿ ನಾನು ಮೈಕ್ ತೆಗೆದುಕೊಂಡೆ. ಬರೆದುಕೊಂಡು ಹೋಗಿದ್ದ ಚೀಟಿ ಕೈಯಲ್ಲಿತ್ತು, ಓದಲಾಗಲಿಲ್ಲ. ಪೆಟ್ಟಿಗೆ ಇಡುವ ದಿನ ನಾನು ನಿಮಗೆ ಒಂದು ಮಾತು ಕೊಟ್ಟಿದ್ದೆ, ಅದನ್ನು ಉಳಿಸಿಕೊಳ್ಳಲಿಲ್ಲ ಎಂದೆ. ಬಣ್ಣದ ಹಾಳೆ ನನ್ನ ಕೆಲಸ ಸುಲಭವಾಗಲೆಂದು ತಂದದ್ದು, ನಿಮ್ಮ ಅನುಕೂಲಕ್ಕಲ್ಲ. ಅದರಿಂದ ನಿಮ್ಮಲ್ಲಿ ಒಬ್ಬರಿಗೆ ತೊಂದರೆಯಾಯಿತು, ಬರೆದವರ ತಪ್ಪು ಒಂದಿಷ್ಟೂ ಇಲ್ಲ, ತಪ್ಪು ನನ್ನದು, ಕ್ಷಮಿಸಿ ಎಂದು ಮಕ್ಕಳಿಗೆ ಕೈ ಮುಗಿದೆ.

ಕಾಂಪೌಂಡಿನ ಕಡೆಯಿಂದ ಅಜ್ಜರೊಬ್ಬರು, "ಮಕ್ಳಿಗೆ ಹಂಗೆಲ್ಲ ಕೈ ಮುಗೀಬಾರ್ದು ಕಣಮ್ಮ, ಆಯಸ್ಸು ಕಮ್ಮಿಯಾಗ್ತದೆ" ಎಂದರು. ಕೆಲವರು ನಕ್ಕರು. ಮಕ್ಕಳು ನಗಲಿಲ್ಲ. ಕೈ ಮುಗಿದ ದೊಡ್ಡವರಿಗೆ ಏನು ಹೇಳಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ, ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ಮೇಷ್ಟರು ಕೊನೆಯ ಸಾಲಿನಲ್ಲಿ ಎದ್ದು ನಿಂತರು. ಮೈಕ್ ಕೊಡಲು ಹೋದವರಿಗೆ ಬೇಡವೆಂದು ಕೈ ಆಡಿಸಿದರು. "ನಾಳಿದ್ದು ಸೋಮವಾರದಿಂದ ಬೆಳಗಿನ ಪಾಠ ಐತೆ. ಒಂಬತ್ತೂ ಜನ ಬರ್ಬೇಕು" ಎಂದು ಹೇಳಿ ಕುಳಿತರು. ಕ್ಷಮೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ನಿರ್ದೇಶಕರು ನನ್ನ ಕಡೆ ನೋಡಿ, ಇಷ್ಟಕ್ಕೇನಾ ಎನ್ನುವಂತೆ ಹುಬ್ಬೇರಿಸಿದರು.

ಸೋಮವಾರ ಏಳು ಗಂಟೆಯ ಬಸ್ಸಿಗೆ ಹೋದೆ. ಕೋಣೆಯ ಹೊರಗೆ ಕುಳಿತುಕೊಳ್ಳುತ್ತೇನೆ ಎಂದದ್ದಕ್ಕೆ ಮೇಷ್ಟರು, "ಒಳಗೇ ಕೂತ್ಕೊಳ್ಳಿ, ನೋಡಿ" ಎಂದರು. ಕೊನೆಯ ಬೆಂಚಿನಲ್ಲಿ ಕುಳಿತೆ. ಎಂಟು ಮಕ್ಕಳು ಬಂದಿದ್ದರು. ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತಳು, ಹಿಂದೆ ಅವಳ ತಾಯಿ, ಕೆಲಸದ ಸಮವಸ್ತ್ರದಲ್ಲಿ. ಮೇಷ್ಟರು ತಲೆಯಾಡಿಸಿದರು. ಹುಡುಗಿ ಬಾಗಿಲ ಪಕ್ಕದ ಜಾಗದಲ್ಲೇ ಕುಳಿತಳು. ತಾಯಿ ಹೋಟೆಲಿನ ವ್ಯಾನ್ ಹಾರನ್ ಹಾಕುವವರೆಗೆ ಅಲ್ಲೇ ನಿಂತಿದ್ದು ಹೋದರು.

ಭಿನ್ನರಾಶಿ ನಡೆಯುತ್ತಿತ್ತು. ನಾಲ್ಕರಲ್ಲಿ ಮೂರು, ಮೂರರಲ್ಲಿ ಎರಡು, ಇವೆರಡನ್ನು ಕೂಡಬೇಕು. ಇಬ್ಬರನ್ನು ಕರೆದಾದ ಮೇಲೆ ಮೇಷ್ಟರು ಅವಳ ಹೆಸರು ಕೂಗಿದರು. ಅವಳು ಬೋರ್ಡಿನ ಮುಂದೆ ನಿಂತು ಬೇಗ ಬೇಗ ಬರೆದಳು. ಮೂರು ವಾರ ಪಾಠವಿಲ್ಲದೆ ಮರೆತಿದ್ದಳೋ, ಹೆದರಿಕೆಯೋ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ ಏಳರಲ್ಲಿ ಐದು ಎಂದು ಉತ್ತರ ಬರೆದುಬಿಟ್ಟಳು. ಬರೆದ ಮೇಲೆ ಅವಳಿಗೇ ಗೊತ್ತಾಯಿತು. ಸೀಮೆಸುಣ್ಣ ಕೆಳಗಿಟ್ಟು ಮೇಷ್ಟರ ಮೇಜಿನ ಹತ್ತಿರ ಬಂದು, ಎಡಗೈಯನ್ನು ಮಗುಚಿ, ಗೆಣ್ಣುಗಳು ಮೇಲೆ ಬರುವಂತೆ ಮೇಜಿನ ಮೇಲೆ ಇಟ್ಟಳು. ಯಾರೂ ಇಡು ಎಂದಿರಲಿಲ್ಲ.

ಮೇಷ್ಟರು ಆ ಕೈಯನ್ನು ನೋಡುತ್ತ ನಿಂತರು. ನಾಲ್ಕು ಬೆರಳು ಸ್ವಲ್ಪ ಬಾಗಿದ್ದವು, ಒಂದು ನೆಟ್ಟಗಿತ್ತು. ಅವರು ಅದನ್ನು ಅಷ್ಟು ಹತ್ತಿರದಿಂದ ಅದಕ್ಕೆ ಮುಂಚೆ ನೋಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

"ಕೈ ತಕ್ಕೊ" ಎಂದರು.

ಅವಳು ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು.

"ಕೈ ತಕ್ಕೊಳ್ಳವ್ವ. ತಪ್ಪಾದ್ರೆ ಆಯ್ತು. ಇನ್ನೊಂದ್ ಸಲ ಮಾಡು."

ಅವಳು ಕಣ್ಣು ಬಿಟ್ಟಳು, ಕೈ ಅಲ್ಲೇ ಇತ್ತು. ಮೇಷ್ಟರು ಮೂರನೆಯ ಸಲವೂ ಹೇಳಿದರು. ಆಗ ಅವಳು ಕೈ ತೆಗೆದಳು, ಬೋರ್ಡಿನತ್ತ ತಿರುಗಿ, ತನ್ನ ಉತ್ತರವನ್ನು ಅದೇ ಕೈಯಿಂದ ಒರೆಸಿ, ಮೊದಲಿನಿಂದ ಬರೆಯಲು ಶುರುಮಾಡಿದಳು.